ದೊಡ್ಡಾಕಿಯ ಕಬ್ಜಾ

ಮನೆ ಕೊಳ್ಳಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಇದು: ಕಾಗದ ಆಮೇಲೆ ನೋಡಿರಿ, ಮೊದಲು ಆ ಮನೆಯಲ್ಲಿ ಯಾರ ಮಾತಿಗೆ ಎಲ್ಲರೂ ಕಾಯುತ್ತಾರೆ ನೋಡಿರಿ. ಸಿಂಧನೂರಿನಲ್ಲಿ ಕೂತು ಗದ್ದೆ, ಸೈಟು, ಹಳೆಯ ಮನೆಗಳ ವ್ಯವಹಾರ ಕುದುರಿಸುತ್ತಲೇ ನನ್ನ ತಲೆ ನರೆತಿದೆ. ಹೆಣ್ಣುಮಗಳು ಈ ದಂಧೆಗೆ ಯಾಕೆ ಬಂದಳು ಎಂದು ಮೊದಮೊದಲು ನಕ್ಕವರು ಈಗ ತಮ್ಮ ಹೆಣ್ಣುಮಕ್ಕಳ ಹಕ್ಕಿನ ಮಾತು ಬಂದರೆ ನನ್ನ ಅಂಗಡಿಗೇ ಬರುತ್ತಾರೆ. ಬಂದವರಿಗೆ ಚಹಾ ಕೊಟ್ಟು ಹೇಳುತ್ತೇನೆ. ಖಾತೆಯಲ್ಲಿ ಒಬ್ಬನ ಹೆಸರಿರುತ್ತದೆ, ತೆರಿಗೆ ಕಟ್ಟುವವನು ಇನ್ನೊಬ್ಬ, ಬೀಗದ ಕೈ ಮೂರನೆಯವಳ ಸೊಂಟದಲ್ಲಿ. ಮೂವರೂ ಮಾಲೀಕರೇ. ಮೂವರನ್ನೂ ಒಪ್ಪಿಸದೆ ಮುಂಗಡ ಕೊಟ್ಟರೆ ನಿಮ್ಮಷ್ಟು ಹುಂಬರಿಲ್ಲ. ಇದನ್ನು ನಾನು ಯಾವ ವಕೀಲರಿಂದಲೂ ಕಲಿತದ್ದಲ್ಲ. ನಾನು ಬೆಳೆದ ಮಸ್ಕಿಯ ಮನೆಯ ಮಾಲೀಕಳು ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ತೀರಿಕೊಂಡ ಮೇಲೂ ಮನೆ ಬಿಟ್ಟಿರಲಿಲ್ಲ.

ಆ ಮನೆ ಗುಡ್ಡದ ಬುಡದಲ್ಲಿತ್ತು. ಬಜಾರಿನ ಸದ್ದು ಕೇಳುವಷ್ಟು ಹತ್ತಿರ, ಬಜಾರು ಕಾಣದಷ್ಟು ಒಳಗೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬೇಸಿಗೆಯಲ್ಲೂ ತಣ್ಣಗಿರುವ ಪಡಸಾಲೆ. ಪಡಸಾಲೆಯ ಬಲಕ್ಕೆ ಅಡುಗೆಮನೆ, ಎಡಕ್ಕೆ ನಾವು ಮಲಗುವ ಜಾಗ, ಎದುರಿಗೆ ತಲೆ ಬಗ್ಗಿಸಿ ಹೋಗಬೇಕಾದ ಸಣ್ಣ ಬಾಗಿಲಿನ ಒಂದು ಖೋಲಿ. ಅದು ದೊಡ್ಡಾಕಿಯ ಖೋಲಿ. ದೊಡ್ಡಾಕಿ ಎಂದರೆ ನನ್ನ ಅಜ್ಜನ ಒಡಹುಟ್ಟಿದ ಅಕ್ಕ. ಅಜ್ಜ ಅವಳನ್ನು ಅಕ್ಕ ಎನ್ನುತ್ತಿದ್ದ, ಅಪ್ಪ ಅತ್ತೆ ಎನ್ನಬೇಕಾಗಿತ್ತು, ನಾನು ಏನೆನ್ನಬೇಕೋ ನನಗೆ ಯಾರೂ ಹೇಳಿಕೊಡಲಿಲ್ಲ. ಮನೆಯವರೆಲ್ಲರ ಬಾಯಲ್ಲಿ ಆಕೆ ದೊಡ್ಡಾಕಿ. ಖೋಲಿಯಲ್ಲಿ ಒಂದು ಕಟ್ಟಿಗೆಯ ಮಣೆ, ಗೂಡಿನಲ್ಲಿ ಒಂದು ದೀಪ, ಗೂಟಕ್ಕೆ ಒಂದು ಕಂಬಳಿ. ಇಷ್ಟೇ. ಆ ಬಾಗಿಲಿಗೆ ಹಗಲಾಗಲಿ ರಾತ್ರಿಯಾಗಲಿ ಚಿಲಕ ಹಾಕುವಂತಿರಲಿಲ್ಲ.

ಅಡುಗೆಯಾದ ಕೂಡಲೇ ಅವ್ವ ಮೊದಲ ಗಂಗಾಳವನ್ನು ಆ ಮಣೆಯ ಮುಂದಿಟ್ಟು ಬರುತ್ತಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಬದಿಗೆ ಶೇಂಗಾ ಹಿಂಡಿ, ಒಂದು ಬಟ್ಟಲು ಮಜ್ಜಿಗೆ. ರೊಟ್ಟಿಯ ಹಬೆ ಆರುವ ತನಕ ಮನೆಯಲ್ಲಿ ಯಾರೂ ಕೈ ತೊಳೆಯುವಂತಿಲ್ಲ. ಆರಿದ ಮೇಲೆ ಹೋಗಿ ಆ ಗಂಗಾಳ ತರುವುದು ನನ್ನ ಕೆಲಸ, ಅದರಲ್ಲಿದ್ದುದನ್ನು ಉಣ್ಣುವುದೂ ನನ್ನ ಕೆಲಸ. ಮನೆಯಲ್ಲಿ ಉಳಿದವರು ಬಿಸಿ ರೊಟ್ಟಿ ಮುರಿಯುತ್ತಿದ್ದಾಗ ನಾನು ತಣ್ಣಗಾದದ್ದನ್ನು ಉಂಡು ಬೆಳೆದೆ. ಸತ್ತವರು ಉಂಡದ್ದರಲ್ಲಿ ಸತ್ವ ಇರುವುದಿಲ್ಲ ಎಂದು ಓಣಿಯ ಹುಡುಗಿಯರು ಹೆದರಿಸುತ್ತಿದ್ದರು. ಗಂಗಾಳ ಎತ್ತಲು ಬಗ್ಗಿದಾಗ ಆ ಮಣೆಗೆ ಕೈ ತಾಗುತ್ತಿತ್ತು. ಅದು ಬೆಚ್ಚಗಿರುತ್ತಿತ್ತು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಅದರ ಮೇಲೆಯೇ ಬೀಳುತ್ತಿತ್ತು ಎಂದು ಈಗ ನಾನು ಹೇಳಬಲ್ಲೆ. ಮೋಡ ಕವಿದ ದಿನವೂ ಬೆಚ್ಚಗೇ ಇರುತ್ತಿತ್ತು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಆ ಖೋಲಿಯಿಂದ ಒಂದು ಕೆಮ್ಮು ಬರುತ್ತಿತ್ತು. ರೋಗದ ಕೆಮ್ಮಲ್ಲ. ಮನೆಯ ಹಿರಿಯರು ಒಳಗೆ ಬರುವ ಮೊದಲು, ನಾನು ಬಂದೆ ಎಂದು ತಿಳಿಸಲು ಕೆಮ್ಮುತ್ತಾರಲ್ಲ, ಅಂಥದ್ದು. ಅವ್ವ ಮಲಗಿದಲ್ಲೇ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು.

ಆ ಮನೆಯಲ್ಲಿ ಕೇಳದೆ ಏನನ್ನೂ ಮಾಡುವಂತಿರಲಿಲ್ಲ. ಸುಣ್ಣ ಬಳಿಯಬೇಕೆ, ಒಲೆಯ ಜಾಗ ಬದಲಿಸಬೇಕೆ, ಎಮ್ಮೆ ಕಟ್ಟಲು ಹೊಸ ಗೂಟ ಹೊಡೆಯಬೇಕೆ, ಅಜ್ಜ ಖೋಲಿಯ ಹೊಸ್ತಿಲ ಹೊರಗೆ ಕುಕ್ಕುರುಗಾಲಲ್ಲಿ ಕೂತು ದೊಡ್ಡಾಕಿಗೆ ಅರಿಕೆ ಮಾಡುತ್ತಿದ್ದ. ಹಲ್ಲಿ ಲೊಚಗುಟ್ಟಿದರೆ ಒಪ್ಪಿಗೆ. ಇಲ್ಲದಿದ್ದರೆ ಇಲ್ಲ. ಅಪ್ಪ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಒಮ್ಮೆ ಗೋಡೆ ಗಡಿಯಾರ ತಂದು, ಬಂದವನೇ ಸುತ್ತಿಗೆ ಹುಡುಕಿದ. ಅಜ್ಜ ಅವನ ಕೈ ಹಿಡಿದು ಕೂರಿಸಿ ತಾನು ಹೊಸ್ತಿಲ ಬಳಿ ಹೋದ.

"ಯಕ್ಕಾ, ಒಂದು ಮೊಳಿ ಹೊಡೀಬೇಕಾಗೈತಿ. ಹುಡುಗ ಗಡಿಯಾರ ತಂದಾನ."

ಸದ್ದಿಲ್ಲ.

"ನಿನ್ನ ಗ್ವಾಡಿಗಲ್ಲಬೇ. ಪಡಸಾಲಿ ಗ್ವಾಡಿಗೆ. ಕಂಬದ ಹಿಂದ ಹೊಡಿತೀವಿ, ನಿನ್ನ ಕಣ್ಣಿಗೆ ಬೀಳಂಗಿಲ್ಲ."

ಆಗಲೂ ಸದ್ದಿಲ್ಲ. ಅಜ್ಜ ಎದ್ದು ಬರಲಿಲ್ಲ. ಸ್ವಲ್ಪ ಹೊತ್ತು ಬೇರೆ ಮಾತಾಡಿದ. ಎಮ್ಮೆ ಗಬ್ಬಾದದ್ದು, ಸಂತೆಕಲ್ಲೂರಿನ ಕಡೆ ತೊಗರಿ ಹೂ ಬಿಟ್ಟದ್ದು. ಆಮೇಲೆ, ಏನೂ ಬೇಡದವನ ಧ್ವನಿಯಲ್ಲಿ, ಗಂಟೆ ಬಾರಿಸದ ಹಾಗೆ ಮಾಡಿಸುತ್ತೇವೆ, ನಿನ್ನ ನಿದ್ದೆ ಕೆಡುವುದಿಲ್ಲ ಎಂದ. ಹಲ್ಲಿ ಲೊಚಗುಟ್ಟಿತು. ಅಪ್ಪ ಸುತ್ತಿಗೆ ಹಿಡಿದು ನಿಂತವನು ಅವ್ವನ ಕಡೆ ತಿರುಗಿ ಹೇಳಿದ:

"ಸತ್ತಾಕಿನ್ನ ಕೇಳಿ ಮೊಳಿ ಹೊಡಿಯೋ ಮನಿ ಮಸ್ಕ್ಯಾಗ ಇದೊಂದಽ ಇರಬೇಕು."

"ನೀ ಕೇಳಲಾರದ ಹೊಡಿ," ಎಂದ ಅಜ್ಜ. "ಗಡಿಯಾರ ನಿಂತಮ್ಯಾಲೆ ನನ್ನ ಮುಂದ ಅಳಬ್ಯಾಡ."

ಚೌಕಾಶಿ ನಾನು ಕಲಿತದ್ದು ಸಂತೆಯಲ್ಲಲ್ಲ, ಆ ಹೊಸ್ತಿಲಲ್ಲಿ. ಎದುರಿನವರು ಮಾತಾಡದಿದ್ದರೆ ಎದ್ದು ಹೋಗಬಾರದು. ಎರಡನೆಯ ಸಲ ಕೇಳಿದ್ದನ್ನೇ ಕೇಳಬಾರದು. ನಡುವೆ ಎಮ್ಮೆಯ ಮಾತು, ಬೆಳೆಯ ಮಾತು ತರಬೇಕು. ಎದುರಿನವರು ಬಾಯಿಬಿಟ್ಟು ಹೇಳದ ತಕರಾರು ಯಾವುದೆಂದು ಊಹಿಸಿ ಅದನ್ನು ನೀವೇ ಪರಿಹರಿಸಿಬಿಡಬೇಕು. ಈ ಪಾಠದಿಂದ ನಾನು ಎಷ್ಟೋ ಹಟಮಾರಿಗಳಿಂದ ಸಹಿ ಹಾಕಿಸಿದ್ದೇನೆ. ಬದುಕಿರುವವರು ಸತ್ತವರಿಗಿಂತ ಬೇಗ ಒಪ್ಪುತ್ತಾರೆ. ಆದರೆ ಅದರ ಜೊತೆಗೆ ಅಂಟಿಕೊಂಡ ಇನ್ನೊಂದು ರೂಢಿಯೂ ಇದೆ. ಖಾಲಿ ಮನೆಯನ್ನು ಗಿರಾಕಿಗೆ ತೋರಿಸಲು ಹೋದಾಗ ಬೀಗ ತೆಗೆದು ಒಂದು ಗಳಿಗೆ ಹೊರಗೇ ನಿಲ್ಲುತ್ತೇನೆ. ಕೀಲಿ ಬಿಗಿಯಾಗಿದೆ ಎಂದು ನೆಪ ಹೇಳುತ್ತೇನೆ. ಒಳಗಿನಿಂದ ಯಾರಾದರೂ ಕೆಮ್ಮುತ್ತಾರೇನೋ ಎಂದು ಕಿವಿಗೊಟ್ಟು ಆಮೇಲೆ ಕಾಲಿಡುತ್ತೇನೆ.

ದೊಡ್ಡಾಕಿಗೆ ಆ ಮನೆ ಹೇಗೆ ಬಂತು ಎಂಬುದನ್ನು ಅಜ್ಜ ರೊಟ್ಟಿಯ ಹಬೆ ಆರುವ ಹೊತ್ತಿನಲ್ಲಿ ಹೇಳುತ್ತಿದ್ದ. ಅದು ಅವಳ ಗಂಡನ ಮನೆ. ಗಂಡ ಸತ್ತಾಗ ಮಕ್ಕಳಿರಲಿಲ್ಲ. ಆಗ ನಿಜಾಮರ ಕಾಲ, ಕಚೇರಿಯ ಮಾತೆಲ್ಲ ಉರ್ದು. ಗಂಡನ ತಮ್ಮ ಬಂದು, ಹೊಲ ನನಗೆ ಇರಲಿ, ಮನೆಯೂ ನನಗೇ, ನೀನು ತವರಿಗೆ ಹೋಗು ಎಂದ. ದೊಡ್ಡಾಕಿ ಹೊಸ್ತಿಲ ಮೇಲೆ ಕೂತಳು. ಉಂಡದ್ದು ಅಲ್ಲೇ, ಮಲಗಿದ್ದು ಅಲ್ಲೇ. ಕೊನೆಗೆ ಕಚೇರಿಯವರು ಬಂದು ನೋಡಿ, ಕಬ್ಜಾ, ಅಂದರೆ ಸ್ವಾಧೀನ, ಈ ಹೆಂಗಸಿನದು ಎಂದು ಬರೆದುಕೊಂಡು ಹೋದರು. ಮೈದುನ ಗುರುಗುಂಟಾದಲ್ಲಿ ಹೆಂಡತಿಯ ತವರಿನ ಹೊಲ ಉಳುತ್ತಾ ಅಲ್ಲಿಯೇ ನಿಂತ. ಒಂಟಿ ಹೆಂಗಸು ಎಂದು ದೊಡ್ಡಾಕಿ ತನ್ನ ತಮ್ಮನನ್ನು, ಅಂದರೆ ನನ್ನಜ್ಜನನ್ನು, ಜೊತೆಗೆ ಕರೆಸಿಕೊಂಡಳು. ಆಗಿನ ಕಾಯ್ದೆಯಲ್ಲಿ ಗಂಡ ಸತ್ತವಳಿಗೆ ಮನೆಯ ಮೇಲೆ ಇದ್ದದ್ದು ಉಸಿರಿರುವ ತನಕದ ಹಕ್ಕು. ಇರಬಹುದು, ಉಣ್ಣಬಹುದು, ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಕಾಯ್ದೆ ತಿರುಗಿತು. ಅರ್ಧ ಹಕ್ಕಿನವರೆಲ್ಲ ಪೂರ್ತಿ ಹಕ್ಕಿನವರಾದರು. ದೊಡ್ಡಾಕಿ ಹೊಸ್ತಿಲು ದಾಟದೆ, ಒಂದು ಕಾಗದವನ್ನೂ ಓದದೆ, ಕೂತಲ್ಲೇ ಮಾಲೀಕಳಾದಳು. ಆದರೆ ಅದೇ ಕಾಯ್ದೆಗೆ ಇನ್ನೊಂದು ಬಾಲವಿದೆ. ಮಕ್ಕಳಿಲ್ಲದ ಹೆಂಗಸಿಗೆ ಗಂಡನಿಂದ ಬಂದ ಆಸ್ತಿ, ಅವಳು ಬರೆದಿಡದೆ ಸತ್ತರೆ, ಗಂಡನ ಕಡೆಯವರಿಗೇ ತಿರುಗಿ ಹೋಗುತ್ತದೆ. ತಮ್ಮನಿಗಲ್ಲ. ಎಷ್ಟು ವರ್ಷ ಜೊತೆಗಿದ್ದರೂ ತಮ್ಮನಿಗಲ್ಲ.

ಅಜ್ಜನಿಗೆ ಇದು ಗೊತ್ತಿತ್ತೇ? ನನ್ನನ್ನು ಇಷ್ಟು ವರ್ಷ ಕಾಡಿರುವ ಪ್ರಶ್ನೆ ಇದು. ಗೊತ್ತಿದ್ದರೆ, ಅಕ್ಕನನ್ನು ಅವನು ಖೋಲಿಯಲ್ಲಿ ಇಟ್ಟುಕೊಂಡದ್ದು ಮಹಾ ಜಾಣತನ. ಸತ್ತಿಲ್ಲದವಳಿಗೆ ವಾರಸುದಾರರು ಎಲ್ಲಿಂದ ಬರಬೇಕು? ಗೊತ್ತಿರಲಿಲ್ಲವೆಂದರೆ ಅದು ಬರೀ ಪ್ರೀತಿ. ವ್ಯವಹಾರ ಬಲ್ಲವಳಾಗಿ ನಾನು ಮೊದಲನೆಯದನ್ನು ನಂಬಬೇಕು. ಆದರೆ ಅವನು ಹೊಸ್ತಿಲ ಬಳಿ ಕೂತಾಗ ಅವನ ಮುಖ ನೋಡಿದವಳು ನಾನು. ಗುಡ್ಡದ ಮೇಲಿನ ಬಂಡೆಗೆ ಹಿಂದಿನ ಕಾಲದ ಚಕ್ರವರ್ತಿ ತನ್ನ ಹೆಸರು ಕೆತ್ತಿಸಿದ್ದಾನೆ. ನಾವು ಅದರ ಪಕ್ಕದಲ್ಲೇ ಸೀತಾಫಲ ತಿನ್ನುತ್ತಿದ್ದೆವು. ಹೆಸರು ಅವನದು, ಆಳಿಕೆ ಸರಕಾರದ್ದು, ಮೇಯುವುದು ಕುರಿಗಳು. ಮಾಲೀಕತನ ಎಂದರೇನು ಎಂದು ಮನುಷ್ಯರು ಇಷ್ಟು ಕಾಲದಿಂದ ಬರೆದು ಅಳಿಸಿ ಬರೆಯುತ್ತಿದ್ದಾರೆ. ಮೊದಲು ಉತ್ತವನದು ಅಂದರು, ಆಮೇಲೆ ಸರಕಾರಕ್ಕೆ ಕಟ್ಟಿದವನದು ಅಂದರು, ಆಮೇಲೆ ಹೆಸರಿದ್ದವನದು. ಈಗ ಮೊಬೈಲಿನಲ್ಲಿ ಪಹಣಿ ತೋರಿಸುತ್ತಾರೆ. ಒಂದೂ ಸುಳ್ಳಲ್ಲ, ಒಂದೂ ಪೂರ್ತಿಯಲ್ಲ.

ಅಜ್ಜ ತೀರಿಕೊಂಡ ವರ್ಷವೇ ಅಪ್ಪ ಮನೆಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಲು ಹೋದ. ಕಚೇರಿಯವರು, ಈ ಹೆಂಗಸು ನಿಮಗೇನಾಗಬೇಕು, ಅವಳ ಗಂಡನ ಕಡೆ ಯಾರಿದ್ದಾರೆ ಎಂದು ಕೇಳಿದರು. ಗುರುಗುಂಟಾದಲ್ಲಿ ಅಮರಪ್ಪನಿದ್ದ. ದೊಡ್ಡಾಕಿಯ ಮೈದುನನ ಮಗ. ಅವನು ನಮಗೆ ಹೊಸಬನಲ್ಲ. ವರ್ಷಕ್ಕೊಂದು ಅಮಾವಾಸ್ಯೆಗೆ ಕಾಯಿ ಹಿಡಿದು ಬಂದು ಆ ಖೋಲಿಯಲ್ಲಿ ಒಂದಿಷ್ಟು ಹೊತ್ತು ಕೂತು, ನಮ್ಮ ಜೊತೆ ಉಂಡು ಹೋಗುತ್ತಿದ್ದ. ಚಿಕ್ಕಂದಿನಲ್ಲಿ ತಾಯಿ ಸತ್ತಾಗ ದೊಡ್ಡಾಕಿ ಅವನನ್ನು ಕರೆತಂದು, ಶಾಲೆ ಮುಗಿಯುವ ತನಕ ಇದೇ ಪಡಸಾಲೆಯಲ್ಲಿ ಬೆಳೆಸಿದ್ದಳಂತೆ. ಅವನ ಅಪ್ಪನ ಜೊತೆಗಿನ ಜಗಳವನ್ನು ಆಕೆ ಮಗುವಿನ ತನಕ ತಂದಿರಲಿಲ್ಲ. ಅವನು ಮಾತ್ರ ಆಕೆಯನ್ನು ದೊಡ್ಡಾಕಿ ಎನ್ನುತ್ತಿರಲಿಲ್ಲ, ದೊಡ್ಡವ್ವ ಎನ್ನುತ್ತಿದ್ದ. ಆ ಸಲ ಕಾಯಿ ಇಲ್ಲದೆ ಬಂದ. ಹೆಸರು ಇದ್ದ ಹಾಗೇ ಇರಲಿ, ನನಗೆ ಮನೆ ಬೇಡ. ಆದರೆ ಆಕೆಯ ಹೆಸರು ತೆಗೆಯುವುದೇ ಆದರೆ ಅಲ್ಲಿ ನನ್ನ ಹೆಸರು ಬರಬೇಕು ಎಂದ. ಅಪ್ಪ ಒಪ್ಪಲಿಲ್ಲ. ವ್ಯಾಜ್ಯ ಲಿಂಗಸುಗೂರಿನ ಕೋರ್ಟಿಗೆ ಹೋಯಿತು. ಸೋತರೆ ನಾವು ಪಾತ್ರೆ ಪಗಡ ಹೊತ್ತು ಬೀದಿಗೆ ಬರಬೇಕು. ಗಿರಣಿಯ ಸಂಬಳದಲ್ಲಿ ಇನ್ನೊಂದು ಮನೆ ಕಟ್ಟುವ ಮಾತಿಲ್ಲ. ಅದು ನನಗೂ ತಿಳಿಯುತ್ತಿತ್ತು.

ನಮ್ಮ ವಕೀಲರು ಮನೆಗೇ ಬಂದರು. ವಾರಸಾ ಹಕ್ಕಿನಲ್ಲಿ ನಿಮಗೆ ಬಲವಿಲ್ಲ, ಕಬ್ಜಾದ ಮೇಲೆ ಗೆಲ್ಲಬೇಕು ಎಂದರು. ಹನ್ನೆರಡು ವರ್ಷ ಯಾರ ಹಂಗೂ ಇಲ್ಲದೆ, ಎಲ್ಲರಿಗೂ ಕಾಣುವ ಹಾಗೆ, ಇದು ನನ್ನದು ಎಂದು ಕೂತವನ ಹಕ್ಕನ್ನು ಕಾನೂನು ಒಪ್ಪುತ್ತದೆ. ಆಕೆ ಸತ್ತು ಅದಕ್ಕಿಂತ ಹೆಚ್ಚೇ ಆಗಿದೆ. ಇಷ್ಟು ಹೇಳುತ್ತಿದ್ದಾಗ ಅವ್ವ ಅಡುಗೆಮನೆಯಿಂದ ಗಂಗಾಳ ಹಿಡಿದು ಅವರ ಎದುರಿನಿಂದಲೇ ಖೋಲಿಗೆ ಹೋದಳು. ಇದೇನು ಎಂದು ಕೇಳಿ ತಿಳಿದುಕೊಂಡ ವಕೀಲರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಅವ್ವಾರ, ದಿನಾ ಮುಂಜಾನಿ ಸಂಜಿಕ ಇದು ಆಕಿ ಮನಿ ಅಂತ ನೀವಽ ಊರಿಗೆ ಸಾರಾಕತ್ತೀರಿ. ಕಾವಲಿಗೆ ಇದ್ದವರಿಗೆ ಮನಿ ಕೊಡಂಗಿಲ್ರಿ ಕೋರ್ಟು. ನಮ್ದು ಅಂತ ಇದ್ದವರಿಗೆ ಕೊಡ್ತೈತಿ."

"ಹಂಗಾರ ಎಡಿ ಇಡೋದು?"

"ಬಂದ್ ಮಾಡ್ರಿ. ಸಾಕ್ಷಿ ಹೇಳಾಕ ನಿಮ್ಮನ್ನ ಕರಿತಾರ, ಮನ್ಯಾಗ ಇರೋರು ನೀವು. ಆ ಹೆಸರು ನಿಮ್ಮ ಬಾಯಾಗ ಬಂತಂದ್ರ ಮನಿ ಹೋತು."

ನೋಡಿರಿ, ಇದು ನಮ್ಮ ಮನೆಯವರು ಮಾತ್ರ ಮಾಡಬಹುದಾದ ತಪ್ಪು. ಬೇರೆಯವರು ಸತ್ತವರ ಆಸ್ತಿಯನ್ನು ನಮ್ಮದೆಂದು ಸುಳ್ಳು ಹೇಳಿ ಕೋರ್ಟಿಗೆ ಹೋಗುತ್ತಾರೆ. ನಾವು ಬದುಕಿರುವವರ ಹಕ್ಕನ್ನು ದಿನಕ್ಕೆರಡು ಸಲ ಗಂಗಾಳದಲ್ಲಿಟ್ಟು ಸತ್ತವಳಿಗೆ ಬಡಿಸಿದ್ದೆವು. ನನ್ನ ಗಿರಾಕಿಗಳಿಗೆ ನಾನು ತಪ್ಪದೆ ಹೇಳುತ್ತೇನೆ: ಯಾರ ಜಾಗದಲ್ಲಿದ್ದೀರೋ ಅವರ ಹೆಸರನ್ನು ಭಕ್ತಿಯಿಂದಲೂ ಎತ್ತಬೇಡಿರಿ.

ಎಡೆ ನಿಂತಿತು. ಗೂಡಿನ ದೀಪ ನಿಂತಿತು. ಬಾಗಿಲಿಗೆ ಅಪ್ಪ ಹೊರಗಿನಿಂದ ಚಿಲಕ ಕೂರಿಸಿದ, ಈ ಸಲ ಯಾರನ್ನೂ ಕೇಳಲಿಲ್ಲ. ನನಗೆ ಮೊದಲ ಸಲ ಬಿಸಿ ರೊಟ್ಟಿ ಸಿಕ್ಕಿತು, ಅದು ಆರುವ ತನಕ ಕಾಯ್ದು ಉಂಡೆ. ಅವ್ವ ಕಪಾಟಿನಿಂದ ಒಂದು ಗಂಗಾಳ ಹೆಚ್ಚು ತೆಗೆಯುವಳು, ಅದನ್ನು ಕೈಯಲ್ಲಿ ಹಿಡಿದು ನಿಲ್ಲುವಳು, ತಿರುಗಿ ಇಡುವಳು. ಮಧ್ಯಾಹ್ನದ ಕೆಮ್ಮು ಮಾತ್ರ ನಿಲ್ಲಲಿಲ್ಲ. ಮೊದಲಿಗಿಂತ ಹತ್ತಿರವಾಯಿತು. ಪಡಸಾಲೆಯಲ್ಲಿ, ನಮ್ಮ ತಲೆದೆಸೆಯಲ್ಲಿ, ಊಟದ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲಲ್ಲಿ. ನಾವು ಮೂವರೂ ಕೇಳುತ್ತಿದ್ದೆವು, ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಪ್ಪ ಜೋರಾಗಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಕೆಮ್ಮಿದ್ದು ತಾನೇ ಎಂಬಂತೆ. ಅವ್ವ ರೊಟ್ಟಿ ಬಡಿಯುತ್ತಾ, ಬಡಿತದ ಲಯಕ್ಕೆ ಸರಿಯಾಗಿ, ವಕೀಲರು ಹೇಳಿಕೊಟ್ಟ ಮಾತನ್ನು ಬಾಯಿಪಾಠ ಮಾಡುತ್ತಿದ್ದಳು: ನಮ್ಮದು ರೀ, ನಮ್ಮದು ರೀ.

ಲಿಂಗಸುಗೂರಿಗೆ ಅವ್ವ ನನ್ನನ್ನೂ ಕರೆದುಕೊಂಡು ಹೋದಳು. ಕಟಕಟೆಯಲ್ಲಿ ನಿಂತಾಗ ಅವಳು ಅಷ್ಟು ಸಣ್ಣವಳೆಂದು ನನಗೆ ಆಗಲೇ ಗೊತ್ತಾದದ್ದು. ಅಮರಪ್ಪ ಎದುರಿನ ಬೆಂಚಿನಲ್ಲಿ ಮುಂಡಾಸು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ವಕೀಲರು ಮೆತ್ತಗೆ ಕೇಳಿದರು, ಬೀಗರ ಮನೆಯಲ್ಲಿ ಕ್ಷೇಮ ಕೇಳುವವರ ಹಾಗೆ.

"ಅವ್ವಾ, ನೀವಿರೋ ಮನಿ ಯಾರದು?"

"ನಮ್ಮದು ರೀ."

"ಅದರಾಗ ಒಂದು ಖೋಲಿ ಆ ಮುದುಕೀದು ಅಂತ ಇಟ್ಟೀರಂತಲ್ಲ?"

"ಇಲ್ಲ ರೀ."

"ಆಕಿದು ಅಂಬೋದು ಆ ಮನ್ಯಾಗ ಏನೈತಿ?"

ಅವ್ವ ಅಮರಪ್ಪನ ಕಡೆ ನೋಡಿದಳು. ಅವನು ತಲೆ ಎತ್ತಿರಲಿಲ್ಲ.

"ಏನೂ ಇಲ್ಲ ರೀ."

ತೆರಿಗೆ ಅಜ್ಜನ ಕೈಯಿಂದ ಕಟ್ಟಿದ್ದು, ಓಣಿಯವರ ಸಾಕ್ಷಿ, ಅವ್ವನ ಈ ಮಾತು, ಎಲ್ಲ ಸೇರಿ ಕೆಲವು ತಿಂಗಳ ಮೇಲೆ ಮನೆ ನಮ್ಮದೆಂದು ತೀರ್ಪಾಯಿತು. ಅಪ್ಪ ಗಿರಣಿಯವರಿಗೆಲ್ಲ ಪೇಡೆ ಹಂಚಿದ. ಅಮರಪ್ಪ ಮೇಲಿನ ಕೋರ್ಟಿಗೆ ಹೋಗುತ್ತಾನೆ, ಇನ್ನೂ ಸ್ವಲ್ಪ ದಿನ ಹುಷಾರಾಗಿರಿ ಎಂದು ವಕೀಲರು ಹೇಳಿ ಕಳಿಸಿದ್ದರು. ಅವನು ಮೇಲಿನ ಕೋರ್ಟಿಗೆ ಹೋಗಲಿಲ್ಲ. ಒಂದು ಮುಂಜಾನೆ ನಮ್ಮ ಬಾಗಿಲಿಗೆ ಬಂದ. ಹೆಗಲ ಮೇಲೆ ಹೊಸ ಕಂಬಳಿ. ಒಳಗೆ ಬಾ ಎಂದರೂ ಬರದೆ ಅಂಗಳದಲ್ಲೇ ನಿಂತು ಅವ್ವನಿಗೆ ಹೇಳಿದ.

"ಯಕ್ಕಾ, ಜಗಳಕ್ಕ ಬಂದಿಲ್ಲ ನಾ. ಮನಿ ನಿಮ್ದಾತು, ಒಪ್ಪಿದೆ. ಆಕಿದು ಇಲ್ಲಿ ಏನೂ ಇಲ್ಲಂತ ನೀವಽ ಹೇಳೀರಿ. ಏನೂ ಇಲ್ಲದ ಮನ್ಯಾಗ ನಮ್ಮ ದೊಡ್ಡವ್ವ ಯಾಕಿರಬೇಕು? ಕರಕೊಂಡು ಹೋಗಾಕ ಬಂದೀನಿ."

ಅಪ್ಪ ನಕ್ಕ. "ಹೊತಗೊಂಡು ಹೋಗ್ತಿಯೇನಪಾ, ನಡಿಸಿಕೊಂಡು ಹೋಗ್ತಿಯೋ?"

"ಆಕಿಗೆ ನಡಿಯಾಕ ಬರ್ತೈತಿ, ತಮ್ಮಾ. ಬಿಟ್ಟು ಹೋಗಾಕ ಮನಸಿರಲಿಲ್ಲ, ಅಷ್ಟ."

ಅಪ್ಪನ ನಗು ಅರ್ಧಕ್ಕೆ ನಿಂತಿತು. ಅವ್ವನಿಗೆ ಏನು ಹೇಳಲು ಸಾಧ್ಯವಿತ್ತು? ಬೇಡ, ಆಕೆ ನಮ್ಮವಳು ಎಂದರೆ ಕೋರ್ಟಿನಲ್ಲಿ ಹೇಳಿದ್ದು ಸುಳ್ಳಾಗುತ್ತದೆ. ಒಯ್ಯಿ ಎಂದರೆ ಆಕೆ ಇಷ್ಟು ದಿನ ಇಲ್ಲೇ ಇದ್ದಳೆಂದು ಒಪ್ಪಿದ ಹಾಗೆ. ಅಂಥ ಬಿಗಿಯಾದ ವ್ಯವಹಾರವನ್ನು ನಾನು ಆಮೇಲೆ ಇಡೀ ಜೀವನದಲ್ಲಿ ಕಂಡಿಲ್ಲ. ಎರಡೂ ಬಾಗಿಲು ಅವಳೇ ಮುಚ್ಚಿಕೊಂಡಿದ್ದಳು. ಅವ್ವ ಹೋಗಿ ಖೋಲಿಯ ಚಿಲಕ ತೆಗೆದಳು. ಬಾಗಿಲನ್ನು ಪೂರ್ತಿ ಹಿಂದಕ್ಕೆ ಸರಿಸಿ ಬಂದು ಅಡುಗೆಮನೆಯ ಗೋಡೆಗೆ ಒತ್ತಿ ನಿಂತಳು. ಅಮರಪ್ಪ ಅಂಗಳದಿಂದಲೇ ಕರೆದ, ಹೊಲದಿಂದ ಮನೆಯವರನ್ನು ಊಟಕ್ಕೆ ಕರೆಯುವಷ್ಟೇ ಧ್ವನಿಯಲ್ಲಿ.

"ಬಾ ದೊಡ್ಡವ್ವ. ಗುರುಗುಂಟಾಕ್ಕ ಹೋಗೋಣು."

ಕರೆದವನು ತಿರುಗಿ ನಡೆದ. ಸತ್ತವರನ್ನು ಕರೆದೊಯ್ಯುವವರು ಹಿಂದೆ ನೋಡಬಾರದೆಂದು ನಮ್ಮ ಕಡೆ ನಂಬುತ್ತಾರೆ, ಅವನು ನೋಡಲಿಲ್ಲ. ಪಡಸಾಲೆಯಲ್ಲಿ ಗಾಳಿ ಕೂಡ ಆಡಲಿಲ್ಲ. ಆದರೆ ಅವ್ವ, ಖೋಲಿಯಿಂದ ತಲೆಬಾಗಿಲ ತನಕ ಕಣ್ಣಿಂದ ಏನನ್ನೋ ಹಿಂಬಾಲಿಸುತ್ತಾ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಇನ್ನಷ್ಟು ಗೋಡೆಗೆ ಸರಿದಳು, ಅತ್ತೆಯರು ದಾಟುವಾಗ ಸೊಸೆಯಂದಿರು ಸರಿಯುವ ಹಾಗೆ. ಆಮೇಲೆ ನನ್ನ ಬೆನ್ನಿಗೆ ಕೈಯಿಟ್ಟು, ಹಿಂದೆ ಹೋಗಿ ನೋಡಿ ಬಾ ಎಂದಳು.

ಬಸ್‌ ಸ್ಟ್ಯಾಂಡಿನ ತನಕ ನಾನು ಅವನ ಹಿಂದೆ ದೂರದಲ್ಲಿ ಹೋದೆ. ಅವನು ಸಣ್ಣ ಹೆಜ್ಜೆ ಹಾಕುತ್ತಿದ್ದ, ಜೊತೆಗೆ ಮುದುಕಿಯೊಬ್ಬಳಿದ್ದಾಳೆ ಎಂಬಂತೆ. ಬಜಾರಿನ ತಿರುವಿನಲ್ಲಿ ಎತ್ತಿನ ಬಂಡಿ ಬಂದಾಗ ಬದಿಗೆ ನಿಂತು, ಪಕ್ಕದಲ್ಲಿ ಜಾಗ ಬಿಟ್ಟು, ಬಂಡಿ ದಾಟಿದ ಮೇಲೆ ಒಂದು ಗಳಿಗೆ ತಡೆದು ಹೊರಟ. ಗುರುಗುಂಟಾದ ಕಡೆಗೆ ಹೋಗುವ ಲಿಂಗಸುಗೂರಿನ ಬಸ್ಸು ನಿಂತಿತ್ತು. ಹತ್ತಿ, ಕಿಟಕಿಯ ಬದಿಯ ಸೀಟಿಗೆ ಆ ಹೊಸ ಕಂಬಳಿ ಹಾಸಿ, ತಾನು ಈಚೆ ಕೂತ. ಮಗು ಎತ್ತಿಕೊಂಡ ಒಬ್ಬ ಹೆಂಗಸು ಬಂದು ಅಲ್ಲಿ ಕೂರುತ್ತೇನೆ ಎಂದು ಸನ್ನೆ ಮಾಡಿದಳು. ಇಲ್ಲಿ ಮಂದಿ ಅದಾರವ್ವ ಎಂದು ಅವನು ಕೈ ಮುಗಿದ. ಕಂಡಕ್ಟರು ಬಂದ. ಅಮರಪ್ಪ ಎರಡು ಟಿಕೀಟು ಕೇಳಿದ. ಕಂಡಕ್ಟರು ಖಾಲಿ ಸೀಟನ್ನೂ ಅವನ ಮುಖವನ್ನೂ ನೋಡಿ, ಎರಡು ಹರಿದು ಕೊಟ್ಟ. ಬಸ್ಸು ಹೊರಟಿತು.

ನಾನು ಓಡಿ ಬಂದಾಗ ಅವ್ವ ಇನ್ನೂ ಗೋಡೆಗೆ ಒರಗಿಯೇ ನಿಂತಿದ್ದಳು. ಅಪ್ಪ ಹೊರಗೆ ಹೋಗಿದ್ದ.

"ಹೋದಳೇನು?"

"ಹೂಂ."

"ಕಿಟಕಿ ಕಡೆ ಕುಂತಳೋ, ಈಚೆ ಕಡೆ ಕುಂತಳೋ?"

"ಕಿಟಕಿ ಕಡೆ."

ಅವ್ವ ತಲೆಯ ಮೇಲಿನ ಸೆರಗನ್ನು ನಿಧಾನಕ್ಕೆ ಇಳಿಸಿದಳು.

"ಚಲೋ ಆತು," ಅಂದಳು. "ಆಕಿ ಹೊರಗ ನೋಡಿ ಭಾಳ ವರ್ಷ ಆಗಿತ್ತು."